ಬಾನಿಯಲ್ಲಿ ಮುಚ್ಚಿದ ಸಮುದ್ರ

ಎರಡು ಅಮೆರಿಕಗಳ ನಡುವೆ ಹಿಂದೊಮ್ಮೆ ಸಮುದ್ರ ಹರಿಯುವ ದಾರಿ ಇತ್ತು, ನೆಲ ಎದ್ದು ಅದು ಮುಚ್ಚಿಹೋಯಿತು ಎನ್ನುವುದು ಬಹಳ ಜನಕ್ಕೆ ಪುಸ್ತಕದ ವಿಷಯ. ನನಗೆ ಅದು ಮನೆಯ ವಿಷಯ. ಯಾರಾದರೂ ಆ ಮಾತು ಎತ್ತಿದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಭೂವಿಜ್ಞಾನ ಓದಿ, ಅದನ್ನೇ ಪಾಠ ಹೇಳಿ, ಅದರಿಂದಲೇ ಅನ್ನ ತಿಂದವಳು ತನ್ನ ಪಾಠಕ್ಕೆ ತಾನೇ ನಾಚಿಕೊಳ್ಳುವುದು ವಿಚಿತ್ರವೇ ಸರಿ. ನಾಚಿಕೆಗೆ ಕಾರಣ ಸಮುದ್ರವಲ್ಲ, ನಮ್ಮಪ್ಪ. ನಮ್ಮಪ್ಪನೂ ಅಲ್ಲ, ನಾನು. ಮೊದಲಿನಿಂದಲೇ ಹೇಳುತ್ತೇನೆ.

ನಮ್ಮದು ಹೆಗ್ಗಡದೇವನಕೋಟೆ ತಾಲ್ಲೂಕು. ಹಾಡಿ ಎನ್ನುವುದಕ್ಕೆ ದೊಡ್ಡದು, ಊರು ಎನ್ನುವುದಕ್ಕೆ ಚಿಕ್ಕದು, ಅಂಥ ಜಾಗ. ಒಂದು ಮಗ್ಗುಲಿಗೆ ಕಾಡು, ಇನ್ನೊಂದು ಮಗ್ಗುಲಿಗೆ ಹೊಳೆ. ಹೊಳೆದಂಡೆಯ ಹೊಲಗಳಲ್ಲಿ ರಾಗಿ, ಅವರೆ, ಹುರುಳಿ ಬೆಳೆಯುತ್ತಿದ್ದರು. ಬೆಳೆ ಇಲ್ಲದ ದಿನಗಳಲ್ಲಿ ಕಾಡಿನ ಜೇನು ಇಳಿಸುವುದು, ಹುಣಸೂರಿನ ಕಡೆ ಹೊಗೆಸೊಪ್ಪಿನ ಹೊಲಗಳಿಗೆ ಕೂಲಿಗೆ ಹೋಗುವುದು. ಅಪ್ಪ ಆ ಊರಿನ ಯಜಮಾನ. ಓದಿದವನಲ್ಲ. ಯಾವ ಮಳೆಗೆ ಬಿತ್ತಬೇಕು, ಯಾರ ಮನೆಗೆ ಹೆಣ್ಣು ಕೊಡಬೇಕು, ಜಗಳವಾದರೆ ಯಾರು ಮೊದಲು ಮಾತು ಬಿಡಬೇಕು ಎನ್ನುವುದನ್ನೆಲ್ಲ ಅವನೇ ಹೇಳುತ್ತಿದ್ದ, ಉಳಿದವರು ಕೇಳುತ್ತಿದ್ದರು. ಸಿಟ್ಟು ಬಂದರೆ ಅವನು ಎಲೆಯಡಿಕೆ ಉಗಿದು ಎದ್ದು ಹೋಗುತ್ತಿದ್ದ. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ಅವನು ಯಾರಿಗೂ ಕೊಟ್ಟದ್ದನ್ನು ನಾನು ಕಂಡಿಲ್ಲ.

ಕೆಳಗೆ ಹೊಳೆಗೆ ಅಣೆ ಕಟ್ಟುತ್ತಿದ್ದರು. ನಾನು ಹುಟ್ಟುವ ಹೊತ್ತಿಗೇ ಶುರುವಾಗಿದ್ದ ಕೆಲಸ ಅದು. ತಮಟೆಯವನು ಬಂದು, ನೀರು ಬರುತ್ತದೆ, ಎಲ್ಲರೂ ಏಳಿ ಎಂದು ಸಾರಿ ಹೋಗುತ್ತಿದ್ದ. ನೀರು ಬರುತ್ತಿರಲಿಲ್ಲ. ಮತ್ತೆ ಸಾರುತ್ತಿದ್ದ, ಮತ್ತೆ ಬರುತ್ತಿರಲಿಲ್ಲ. ಕೊನೆಕೊನೆಗೆ ಅವನು ಬಂದರೆ ಹೆಂಗಸರು ನೀರು ಬೇಕಾ ಎಂದು ಕೇಳಿ ಚೊಂಬು ಕೊಟ್ಟು ನಗುತ್ತಿದ್ದರು. ಆದರೆ ಎಪ್ಪತ್ತರ ದಶಕದ ಮೊದಮೊದಲ ಒಂದು ಬೇಸಿಗೆಯಲ್ಲಿ ಅಕ್ಕಪಕ್ಕದ ಊರುಗಳವರು ಹೆಂಚು ಇಳಿಸತೊಡಗಿದರು. ತೊಲೆ, ಬಾಗಿಲು, ಒನಕೆ, ಕೋಳಿಪಂಜರಗಳನ್ನು ಗಾಡಿಗೆ ಹೇರಿಕೊಂಡು ಹೋಗುವುದನ್ನು ನಾವು ದಿನಾ ನೋಡುತ್ತಿದ್ದೆವು. ನಮಗೂ ಕಾಡಿನ ಆಚೆ ಅಂಚಿನಲ್ಲಿ ಜಾಗ ತೋರಿಸಿದ್ದರು.

ನಮ್ಮವರ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಈ ಮಳೆಗೆ ಬಿತ್ತುವುದೋ, ಬಿಟ್ಟು ಏಳುವುದೋ? ಬಿತ್ತದೆ ಎದ್ದರೆ ಹೊಸ ಜಾಗದಲ್ಲಿ ಮೊದಲ ವರ್ಷ ತಿನ್ನುವುದೇನು? ಬಿತ್ತಿದ ಮೇಲೆ ನೀರು ಬಂದರೆ ಬೀಜವೂ ಹೋಯಿತು, ಬೆಳೆಯೂ ಹೋಯಿತು. ಅದಲ್ಲದೆ ಹಗೇವಿನ ಚಿಂತೆ. ನಮ್ಮ ಕಡೆ ರಾಗಿಯನ್ನು ನೆಲದೊಳಗೆ ಗುಂಡಿ ತೋಡಿ, ಹುಲ್ಲು ಹಾಸಿ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಇಡುತ್ತಿದ್ದರು. ಅದೇ ಹಗೇವು. ಒಮ್ಮೆ ಬಾಯಿ ತೆಗೆದರೆ ಒಳಗಿನ ರಾಗಿಯನ್ನೆಲ್ಲ ತೆಗೆದುಬಿಡಬೇಕು. ಬೇಗ ತೆಗೆದು ಸಾಗಿಸಿ ಮಳೆಗೆ ಸಿಕ್ಕಿಸಿದರೆ ಹುಳ ಬೀಳುತ್ತದೆ. ನೀರು ಯಾವಾಗ ಬರುತ್ತದೆಂದು ಗೊತ್ತಿರುವವರು ಒಬ್ಬರು ಬಂದು ಬಾಯಿಬಿಟ್ಟು ಹೇಳಿದ್ದರೆ ಸಾಕಾಗಿತ್ತು.

ನಾನು ಆಗ ಹತ್ತಿರದ ದೊಡ್ಡ ಊರಿನ ಮಿಡ್ಲ್ ಸ್ಕೂಲಿಗೆ ಹೋಗುತ್ತಿದ್ದೆ. ಒಂದು ಸಂಜೆ ಆ ಶಾಲೆಯ ಜವಾನ ಸೈಕಲ್ ತಳ್ಳಿಕೊಂಡು ನಮ್ಮ ಊರಿಗೆ ಬಂದ.

"ನಾಳಿದ್ದು ಮೈಸೂರಿಂದ ದೊಡ್ಡೋರು ಬತ್ತಾರೆ ಕಣ್ರಪ್ಪ. ನೀರಿನ ಇಚಾರ ಮಾತಾಡ್ತಾರಂತೆ. ಇಸ್ಕೂಲ್ ತಾವ್ಕೆ ಎಲ್ಲಾರೂ ಬರ್ಬೇಕಂತೆ, ಎಡ್ಮೇಷ್ಟ್ರು ಏಳವ್ರೆ" ಅಂದ.

ಅವನ ತಪ್ಪೇನೂ ಇಲ್ಲ. ಅವನಿಗೆ ಹೇಳಿದ್ದನ್ನೇ ಹೇಳಿದ. ಅಪ್ಪ ಎದ್ದು ನಿಂತು, "ಅಂತೂ ಬಂದ್ರಲ್ಲ" ಅಂದ. ಆ ರಾತ್ರಿ ಊರಲ್ಲಿ ಒಂದು ಮನೆಯವರೂ ನೀರು, ಅಣೆ ಎಂದು ಕಚ್ಚಾಡಲಿಲ್ಲ.

ಆ ದಿನ ಊರಿಗೆ ಊರೇ ಎದ್ದು ಬಂತು. ಗಂಡಸರು ಪೇಟ ಸುತ್ತಿದ್ದರು, ಹೆಂಗಸರು ಮದುವೆಗೆ ಉಡುವ ಸೀರೆ ಉಟ್ಟಿದ್ದರು. ದೊಡ್ಡವರ ಮುಂದೆ ಬರಿಗೈಯಲ್ಲಿ ನಿಲ್ಲಬಾರದೆಂದು ಅಪ್ಪ ಸೋರೆಬುರುಡೆಯ ತುಂಬ ಹೆಜ್ಜೇನು ತುಂಬಿಕೊಂಡಿದ್ದ. ಶಾಲೆಯ ಅಂಗಳದಲ್ಲಿ ಮಕ್ಕಳನ್ನು ಒಂದು ಕಡೆ, ಊರವರನ್ನು ಒಂದು ಕಡೆ ಕೂರಿಸಿದರು. ಬಂದವರು ಮೈಸೂರಿನ ಕಾಲೇಜಿನ ಮೇಷ್ಟರು. ಕನ್ನಡಕ, ಇಸ್ತ್ರಿ ಮಾಡಿದ ಬಿಳಿ ಷರಟು, ಮೃದುವಾದ ದನಿ. ರಜೆಯಲ್ಲಿ ಹಳ್ಳಿಹಳ್ಳಿಗೆ ಹೋಗಿ ವಿಜ್ಞಾನ ಹೇಳುವುದು ಅವರಿಗೆ ಒಂದು ಹುಚ್ಚು. ಒಳ್ಳೆಯ ಹುಚ್ಚು ಎಂದೇ ಈಗಲೂ ಅನ್ನುತ್ತೇನೆ. ಅವರು ಬಟ್ಟೆಯ ಮೇಲೆ ಬರೆದ ಭೂಪಟವನ್ನು ಗೋಡೆಗೆ ನೇತುಹಾಕಿ, ಸಮುದ್ರ ಎಂದು ಶುರುಮಾಡಿದರು.

ಸಮುದ್ರದ ನೀರು ನಿಂತಿರುವುದಿಲ್ಲ, ಅದರೊಳಗೇ ದೊಡ್ಡದೊಡ್ಡ ಹೊಳೆಗಳಿವೆ, ಕೆಲವು ಬಿಸಿ, ಕೆಲವು ತಣ್ಣಗೆ ಎಂದು ಅವರು ಹೇಳುತ್ತಾ ಹೋದರು. ನಮ್ಮವರು ಒಂದಿಷ್ಟೂ ಬೇಸರಪಡದೆ ಕೂತಿದ್ದರು. ಅದಕ್ಕೂ ಕಾರಣವಿತ್ತು. ಹಿಂದಿನ ವರ್ಷ ಒಬ್ಬ ದೊಡ್ಡ ಮನುಷ್ಯರು ಒಂದು ಬಾವಿಗೆ ಪೂಜೆ ಮಾಡಲು ಬಂದು, ಸ್ವಾತಂತ್ರ್ಯ ಹೋರಾಟದಿಂದ ಮಾತು ಹಿಡಿದು, ಚೀನಾದವರ ಯುದ್ಧ ಮುಗಿಸಿ, ಬಿಸಿಲು ನೆತ್ತಿಗೇರಿದ ಮೇಲೆ ಬಾವಿಗೆ ಬಂದಿದ್ದರು. ದೊಡ್ಡವರ ಮಾತು ದೂರದಿಂದ ಹೊರಟು ಹತ್ತಿರಕ್ಕೆ ಬರುತ್ತದೆ, ನಡುವೆ ಬಾಯಿಹಾಕಬಾರದು ಎಂದು ನಮ್ಮವರು ಕಲಿತಿದ್ದರು. ಸಮುದ್ರವಾಯಿತಲ್ಲ, ಇನ್ನು ಹೊಳೆಗೆ ಬರುತ್ತಾರೆ ಎಂದು ಕಾಯುತ್ತಿದ್ದರು.

ಆಮೇಲೆ ಮೇಷ್ಟರು ದನಕ್ಕೆ ಕಲಗಚ್ಚು ಹಾಕುವ ಮರದ ಬಾನಿಯೊಂದನ್ನು ತರಿಸಿ ಮೇಜಿನ ಮೇಲೆ ಇಡಿಸಿದರು. ತೋಳು ಮಡಿಸಿ, ಜೇಡಿಮಣ್ಣು ಕಲಸಿ, ಬಾನಿಯ ನಡುವೆ ಎರಡೂ ಬದಿಯಿಂದ ದಿಂಡು ಕಟ್ಟಿ, ನಡುವೆ ಕಂಡಿ ಬಿಟ್ಟರು. ನೀರು ತುಂಬಿದರು. ಒಂದು ಕಡೆಗೆ ಉಪ್ಪು ಹಾಕಿ ಕೆಂಪು ಇಂಕು ಬೆರೆಸಿದರು. ಕೆಂಪು ನೀರು ಕಂಡಿಯಲ್ಲಿ ನುಗ್ಗಿ ಆಚೆಗೆ ಹರಡಿತು. ಆಮೇಲೆ ಹೊಸ ನೀರು ತುಂಬಿ, ಈ ಸಲ ಕಂಡಿಗೆ ಮಣ್ಣು ಮೆತ್ತಿ ಮುಚ್ಚಿ, ಮತ್ತೆ ಒಂದು ಕಡೆಗೆ ಉಪ್ಪು, ಇಂಕು ಬೆರೆಸಿದರು.

"ನೋಡಿ, ಈಗ ದಾರಿ ಮುಚ್ಚಿದೆ. ಈ ಕಡೆಯ ಉಪ್ಪು ಈ ಕಡೆಯೇ ಉಳಿಯಿತು. ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಆಚೆಯ ಸಪ್ಪೆ ನೀರು ಬಂದು ಬೆರೆಯುವ ಹಾಗೂ ಇಲ್ಲ. ಹೀಗಾಗಿ ಈ ಸಮುದ್ರ ಹೆಚ್ಚು ಉಪ್ಪಾಯಿತು. ಮೊದಲು ಆಚೆಗೆ ಹೋಗುತ್ತಿದ್ದ ಬೆಚ್ಚನೆಯ ನೀರು ಈಗ ಎಲ್ಲಿಗೆ ಹೋಗಬೇಕು? ತಿರುಗಿಕೊಂಡು ಬಡಗಲ ಕಡೆಗೆ ಹೊರಟಿತು" ಎಂದರು.

ನಮ್ಮವರಲ್ಲಿ ಹಿಂದೆ ಕೂತಿದ್ದವರೆಲ್ಲ ಎದ್ದು ನಿಂತು ಇಣುಕಿದರು. ಮೈಸೂರಿನಿಂದ ಬಂದವರು ತಮ್ಮ ಕೈಯಾರೆ ಮಣ್ಣಿನ ಅಣೆ ಕಟ್ಟಿ, ಕಂಡಿ ಮುಚ್ಚಿ, ನೀರು ನಿಲ್ಲಿಸಿ ತೋರಿಸುತ್ತಿದ್ದಾರೆ. ಹೊಳೆದಂಡೆಯ ಜನ ಅದನ್ನು ಬೇರೆ ಏನೆಂದು ತಿಳಿಯಬೇಕು? ನಾನೂ ಹಾಗೇ ತಿಳಿದೆ. ಹನ್ನೆರಡು ವರ್ಷದ ಹುಡುಗಿ, ತರಗತಿಯಲ್ಲಿ ಭೂಪಟದಲ್ಲಿ ಸಮುದ್ರ ತೋರಿಸು ಎಂದರೆ ನೀಲಿ ಬಣ್ಣದ ಮೇಲೆ ಬೆರಳಿಡುವವಳು. ಆದರೂ ಆ ಹೊತ್ತಿಗೆ ನನಗೆ ಕಂಡದ್ದು ನಮ್ಮ ಹೊಳೆಯೇ.

ಮೇಷ್ಟರು ಕೈ ತೊಳೆದುಕೊಂಡು, ಯಾರಾದರೂ ಏನಾದರೂ ಕೇಳುವುದಿದೆಯೇ ಎಂದರು. ಅಪ್ಪ ಎದ್ದು ನಿಂತ.

"ಇಂಗೆ ಮುಚ್ಕಂಡು ನೀರು ತಿರಿಕ್ಕಳಾಕೆ ಎಷ್ಟು ಕಾಲ ಹಿಡಿತದೆ ಸೋಮಿ?"

ಮೇಷ್ಟರ ಮುಖ ಅರಳಿತು. ಹಳ್ಳಿಯ ಮುದುಕ ಇಷ್ಟು ನೆಟ್ಟಗೆ ಪ್ರಶ್ನೆ ಕೇಳುತ್ತಾನೆಂದು ಅವರು ಎಣಿಸಿರಲಿಲ್ಲ.

"ಬಹಳ ಒಳ್ಳೆಯ ಪ್ರಶ್ನೆ. ದಿನದ ಲೆಕ್ಕವಲ್ಲ ಯಜಮಾನರೇ, ಲಕ್ಷಾಂತರ ವರ್ಷ. ನಿಮ್ಮ ಕಾಲಕ್ಕಿರಲಿ, ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ಏನೂ ಕಾಣುವುದಿಲ್ಲ. ಅಷ್ಟು ನಿಧಾನ. ಅಲ್ಲೇ ಇದ್ದ ಮೀನುಗಳಿಗೂ ಗೊತ್ತಾಗಲಿಲ್ಲ" ಎಂದರು.

ಅಪ್ಪ ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡು, ಬಗ್ಗಿ ನೆಲ ಮುಟ್ಟಿ ಕೈಮುಗಿದ. "ಇಷ್ಟು ಏಳುದ್ರಲ್ಲ, ನಿಮ್ ವಂಸ ತಣ್ಣಗಿರ್ಲಿ" ಎಂದು ಜೇನಿನ ಬುರುಡೆಯನ್ನು ಅವರ ಕೈಗಿಟ್ಟ. ನಮ್ಮ ಹೆಂಗಸರು ಕಣ್ಣು ಒರೆಸಿಕೊಂಡರು. ಪಕ್ಕದಲ್ಲಿ ನಿಂತಿದ್ದ ನಮ್ಮ ಶಾಲೆಯ ಇಬ್ಬರು ಮೇಷ್ಟರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅದನ್ನು ನೋಡಿ ನನ್ನ ಸಹಪಾಠಿಗಳೂ ನಕ್ಕರು. ಏಕೆ ನಗುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ. ಅಪ್ಪ ನೆಲ ಮುಟ್ಟಿದ್ದಕ್ಕೆ ಇರಬೇಕು ಎಂದುಕೊಂಡು ನಾಚಿಕೆಯಿಂದ ತಲೆ ತಗ್ಗಿಸಿದೆ. ನನಗೆ ನೆನಪಿರುವ ಮೊದಲ ನಾಚಿಕೆ ಅದು, ಅದಕ್ಕೆ ಹುಡುಕಿಕೊಂಡ ಕಾರಣವೂ ತಪ್ಪು.

ವಾಪಸು ಬರುವಾಗ ದಾರಿಯುದ್ದಕ್ಕೂ ಮಾತೋ ಮಾತು. "ಮೀನಿಗೇ ತಿಳೀನಿಲ್ವಂತೆ ಕಣ್ಲಾ" ಎಂದು ಒಬ್ಬ ಅನ್ನುವುದು, ಉಳಿದವರು ನಗುವುದು. ಮಾರನೆಯ ದಿನದಿಂದ ಅದು ನಮ್ಮೂರಿನ ಮಾತೇ ಆಗಿಹೋಯಿತು. ಯಾರಾದರೂ ಅವಸರ ಮಾಡಿದರೆ, ಮೀನಿಗೇ ತಿಳೀನಿಲ್ಲ, ನಿಂಗೇನ್ಲಾ ಅವಸರ ಎಂದು ಕಾಡಿಸುತ್ತಿದ್ದರು. ಹದವಾದ ಮಳೆ ಬಿತ್ತು. ಅಪ್ಪ, "ಬಿತ್ತಿ, ಅಗೇವು ಮುಟ್ಟಬ್ಯಾಡಿ" ಎಂದ. ಎಲ್ಲರೂ ಬಿತ್ತಿದರು. ಕೆಲವರು ಮನೆಗೆ ಹೊಸ ಹುಲ್ಲನ್ನೂ ಹೊದಿಸಿದರು. ಗಾಡಿ ಹೇರಿಕೊಂಡು ಹೋಗುತ್ತಿದ್ದ ಪಕ್ಕದ ಊರಿನವರನ್ನು ಕಂಡು ನಮ್ಮವರು ಅಯ್ಯೋ ಪಾಪ ಎನ್ನುತ್ತಿದ್ದರು.

ರಾಗಿ ತೆನೆ ಕಟ್ಟುವ ಹೊತ್ತಿಗೆ ನೀರು ಬಂತು. ಪ್ರವಾಹವೆಂದರೆ ಮೇಲಿನಿಂದ ಅಬ್ಬರಿಸಿ ಬರುತ್ತದೆ ಎಂದು ತಿಳಿದವರು ನಾವು. ಇದು ಕೆಳಗಿನಿಂದ, ಹೊಳೆ ಹಿಂದಕ್ಕೆ ನಡೆದಂತೆ, ಸದ್ದಿಲ್ಲದೆ ಬಂತು. ಬೆಳಿಗ್ಗೆ ಬದುವಿನ ಕೆಳಗಿದ್ದದ್ದು ಮಧ್ಯಾಹ್ನಕ್ಕೆ ಬದುವಿನ ಮೇಲಿತ್ತು. ನಿಂತ ಬೆಳೆಯೊಳಗೆ ಹಾವುಗಳು ಈಜುತ್ತಿದ್ದವು. ಜನ, ದನ ಎಲ್ಲ ಉಳಿದವು. ಪಾತ್ರೆ, ಕಂಬಳಿ, ಕೆಲವು ತೊಲೆಗಳೂ ಉಳಿದವು. ಹಗೇವುಗಳು ಹೋದವು. ನೆಲದೊಳಗೆ ನೀರು ಒಸರಿ, ಮೇಲಿನ ಮಣ್ಣು ಕುಸಿದು, ರಾಗಿ ಉಬ್ಬಿ ಹುಳಿನಾತ ಬರತೊಡಗಿತು. ಊರಿನಲ್ಲೇ ದೊಡ್ಡ ಹಗೇವು ಇದ್ದದ್ದು ಅಪ್ಪನ ಓರಗೆಯ ಒಬ್ಬ ಮನುಷ್ಯನದು. ನಾನು ಅವನನ್ನು ದೊಡ್ಡಪ್ಪ ಎಂದು ಕರೆಯುತ್ತಿದ್ದೆ. ಆತ ಮೊಣಕಾಲು ನೀರಿನಲ್ಲಿ ನಿಂತು, ಆ ರಾಗಿಯನ್ನು ಹಿಡಿಹಿಡಿ ತೆಗೆದು ಹಿಂಡಿ ಹಿಂಡಿ ಬುಟ್ಟಿಗೆ ಹಾಕುತ್ತಿದ್ದ. ಅಪ್ಪ ಹೋಗಿ ಅವನ ರಟ್ಟೆ ಹಿಡಿದು ಎಳೆದುಕೊಂಡು ಬಂದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹೊಸ ಜಾಗಕ್ಕೆ ಬರಿಗೈಯಲ್ಲಿ ಹೋದೆವು. ನೂಲು ಹಿಡಿದು ಎಳೆದಂಥ ಬೀದಿ, ನೆರಳಿಲ್ಲದ ನೆಲ, ಬಾವಿಯ ನೀರು ಸವಳು. ಆ ನೀರಿನಲ್ಲಿ ಹುರುಳಿ ಎಷ್ಟು ಬೇಯಿಸಿದರೂ ಕಲ್ಲಿನಂತೆಯೇ ಉಳಿಯುತ್ತಿತ್ತು. ಒಂದು ಇಡೀ ವರ್ಷ ನಮ್ಮವರು ಕಾಡಿನ ಗೆಣಸು ಅಗೆದು ತಿಂದರು, ಮುದ್ದೆಯ ಹಿಟ್ಟಿಗೆ ಊರೂರು ಕೂಲಿಗೆ ಅಲೆದರು. ಊರಿನ ಯಾವ ಜಗಳವಾದರೂ ಕಡೆಗೆ ನಿಲ್ಲುತ್ತಿದ್ದದ್ದು ಮೈಸೂರಿನ ಮೇಷ್ಟರ ಹತ್ತಿರ. "ಆ ಬಾನಿ ಮೇಷ್ಟ್ರು ಸುಳ್ಳೇಳಿ ನಮ್ಮನ್ನ ಮುಳುಗಿಸ್ಬುಟ್ಟ" ಎಂದು ಶುರುಮಾಡಿದರೆ ಎಲ್ಲರೂ ಸೇರಿ ಬೈಯುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಬೈಯುತ್ತಿದ್ದವನು ದೊಡ್ಡಪ್ಪ. ಅಪ್ಪ ಮಾತ್ರ ಬೈಯುತ್ತಿರಲಿಲ್ಲ. "ಜೇನು ತಿಂದೋನು ಇಂಗೆ ಮಾಡ್ಬಾರ್ದಾಗಿತ್ತು" ಎಂದಷ್ಟೇ ಅನ್ನುತ್ತಿದ್ದ. ಯಜಮಾನಿಕೆ ಅವನದೇ ಉಳಿಯಿತು. ಮೋಸ ಮಾಡಿದವನು ಬೇರೆ ಇದ್ದನಲ್ಲ, ಅಪ್ಪನೇನು ಮಾಡಿಯಾನು?

ನಾನು ಹುಣಸೂರಿನ ಹಾಸ್ಟೆಲಿಗೆ ಸೇರಿ ಹೈಸ್ಕೂಲು ಮುಗಿಸಿದೆ. ಅಲ್ಲಿ ಗೆಳತಿಯರ ಮುಂದೆ, ನಮ್ಮೂರನ್ನು ಒಬ್ಬ ಮೈಸೂರಿನವನ ಸುಳ್ಳು ಮುಳುಗಿಸಿತು ಎಂದು ಹೇಳಿಕೊಳ್ಳುತ್ತಿದ್ದೆ. ಅದರಲ್ಲಿ ನನಗೆ ಒಂದು ಬಗೆಯ ಹೆಮ್ಮೆಯೂ ಇತ್ತು. ಆಮೇಲೆ ಮೈಸೂರಿನಲ್ಲಿ ಕಾಲೇಜು. ಪಿಯುಸಿ ಆಗಿ ಬಿಎಸ್‌ಸಿಗೆ ಭೂವಿಜ್ಞಾನ ತೆಗೆದುಕೊಂಡೆ. ಆ ವಿಷಯಕ್ಕೆ ಹುಡುಗಿಯರು ಕಡಿಮೆ, ಸೀಟು ಸುಲಭ ಎಂದು ವಾರ್ಡನ್ ಹೇಳಿದ್ದರು, ಅಷ್ಟೇ ಕಾರಣ.

ಎರಡನೆಯ ವರ್ಷದಲ್ಲಿ ಒಬ್ಬರು ಮೇಷ್ಟರು ಸಮುದ್ರಗಳ ಹಳೆಯ ಕತೆ ಪಾಠ ಮಾಡಲು ಬಂದರು. ಕೂದಲು ನರೆತಿತ್ತು, ಕನ್ನಡಕ ದಪ್ಪವಾಗಿತ್ತು. ನನಗೆ ಗುರುತು ಸಿಗಲಿಲ್ಲ. ನಮ್ಮ ದೇಶದ ಉತ್ತರಕ್ಕೂ ಒಂದು ಬೆಚ್ಚನೆಯ ಸಮುದ್ರವಿತ್ತು, ನಮ್ಮ ನೆಲ ಹೋಗಿ ಏಷ್ಯಾಕ್ಕೆ ಒತ್ತಿ ಅದನ್ನು ಮುಚ್ಚಿತು, ಆ ತಳದ ಕೆಸರೇ ಹಿಮಾಲಯವಾಗಿ ಎದ್ದಿತು ಎಂದು ಮೊದಲು ಹೇಳಿದರು. ಆಮೇಲೆ ಎರಡು ಅಮೆರಿಕಗಳಿಗೆ ಬಂದರು. ಅಟ್ಲಾಂಟಿಕ್ ಕಡೆಯಿಂದ ಗಾಳಿ ಆವಿಯನ್ನು ಹೊತ್ತು ಆ ಕಿರಿದಾದ ನೆಲ ದಾಟಿ ಪೆಸಿಫಿಕ್ ಕಡೆಗೆ ಮಳೆ ಸುರಿಸುತ್ತದೆ. ದಾರಿ ತೆರೆದಿದ್ದಾಗ ಆ ಸಿಹಿನೀರು ಸಮುದ್ರದಲ್ಲೇ ತಿರುಗಿ ಬರುತ್ತಿತ್ತು. ದಾರಿ ಮುಚ್ಚಿದ ಮೇಲೆ ಬರುವ ಹಾಗಿಲ್ಲ, ಅಟ್ಲಾಂಟಿಕ್ ಉಪ್ಪಾಗುತ್ತ ಹೋಯಿತು. ಉಪ್ಪು ಹೆಚ್ಚಾದ ಬೆಚ್ಚನೆಯ ನೀರು ಉತ್ತರಕ್ಕೆ ಹೋಗಿ, ಅಲ್ಲಿ ತಣ್ಣಗಾಗಿ, ಭಾರಕ್ಕೆ ತಳಕ್ಕಿಳಿಯಿತು. ಒಂದು ಕಂಡಿ ಮುಚ್ಚಿದ್ದಕ್ಕೆ ಲೋಕದ ನೀರಿನ ನಡೆಯೇ ಬದಲಾಯಿತು. ನಾನು ಪೆನ್ನು ಕೆಳಗಿಡದೆ ಬರೆದುಕೊಳ್ಳುತ್ತಿದ್ದೆ. ಅಷ್ಟು ಚೆನ್ನಾಗಿತ್ತು ಪಾಠ.

"ಇದೆಲ್ಲ ಎಷ್ಟು ನಿಧಾನವೆಂದರೆ, ಅಲ್ಲಿದ್ದ ಮೀನುಗಳಿಗೂ ಗೊತ್ತಾಗಲಿಲ್ಲ" ಎಂದರು ಮೇಷ್ಟರು.

ನನ್ನ ಪೆನ್ನು ನಿಂತಿತು. ಅವರು ಚಾಕ್ ಕೆಳಗಿಟ್ಟು ನಗುತ್ತಾ ಮುಂದುವರಿಸಿದರು. "ಇದನ್ನು ನಾನು ಹಿಂದೆ ಕೋಟೆ ಕಡೆಯ ಹಳ್ಳಿಯೊಂದರಲ್ಲಿ ದನದ ಬಾನಿ ಇಟ್ಟುಕೊಂಡು ತೋರಿಸಿದ್ದೆ. ಓದುಬರಹವಿಲ್ಲದ ಒಬ್ಬ ಮುದುಕರು ಎದ್ದು, ಹೀಗೆ ಮುಚ್ಚಿಕೊಳ್ಳೋಕೆ ಎಷ್ಟು ಕಾಲ ಹಿಡಿಯಿತು ಎಂದು ಕೇಳಿದರು. ನಿಮ್ಮಲ್ಲಿ ಒಬ್ಬರೂ ಆ ಪ್ರಶ್ನೆ ಕೇಳಲಿಲ್ಲ ನೋಡಿ. ಉತ್ತರ ಹೇಳಿದ್ದಕ್ಕೆ ಕೈಮುಗಿದು ಜೇನು ಕೊಟ್ಟರು. ವಿಜ್ಞಾನ ಕೇಳಿ ಅಷ್ಟು ಸಂತೋಷಪಟ್ಟ ಜನರನ್ನು ನಾನು ಮತ್ತೆ ಎಲ್ಲೂ ಕಾಣಲಿಲ್ಲ."

ತರಗತಿಯವರೆಲ್ಲ ಮೆಚ್ಚಿ ತಲೆದೂಗಿದರು. ಆ ಮುದುಕರು ನಮ್ಮಪ್ಪ ಎಂದು ನಾನು ಹೇಳಲಿಲ್ಲ. ಆ ಜನ ಸಂತೋಷಪಟ್ಟದ್ದು ಯಾಕೆ, ಆಮೇಲೆ ಏನಾಯಿತು ಎಂದೂ ಹೇಳಲಿಲ್ಲ. ಹೇಳಿದರೆ ನಮ್ಮಪ್ಪ ಇವರ ಕಣ್ಣಿನಲ್ಲಿ ಒಂದು ಕ್ಷಣದಲ್ಲಿ ಪೆದ್ದನಾಗುತ್ತಾನೆ ಎಂದು ಅನ್ನಿಸಿತು. ಮೇಷ್ಟರು ಸುಳ್ಳು ಹೇಳಿರಲಿಲ್ಲ. ಒಂದಕ್ಷರವೂ ಸುಳ್ಳಲ್ಲ. ಇಷ್ಟು ವರ್ಷ ನಾವು ಬೈದದ್ದು ಒಬ್ಬ ಒಳ್ಳೆಯ ಮನುಷ್ಯನನ್ನು.

ಯುಗಾದಿಗೆ ಊರಿಗೆ ಹೋದೆ. ಎದೆಯಲ್ಲಿ ಅದೊಂದೇ ಮಾತು. ಓದಿದವಳಿಗೆ ತಿಳಿದದ್ದನ್ನು ಹೇಳದೆ ಇರಲು ಆಗುವುದಿಲ್ಲ, ಅದು ಓದಿನ ರೋಗ. ಹಬ್ಬದ ಹಿಂದಿನ ದಿನ ಅಪ್ಪ ಜಗುಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ. ಪಕ್ಕದಲ್ಲಿ ಕೂತು ಎಲ್ಲವನ್ನೂ ಬಿಡಿಸಿ ಹೇಳಿದೆ. ನೆಲದ ಮೇಲೆ ಕಡ್ಡಿಯಿಂದ ಎರಡು ಅಮೆರಿಕ ಬರೆದೆ. ಉಪ್ಪು, ಬಿಸಿನೀರು, ತಳಕ್ಕಿಳಿಯುವ ನೀರು ಒಂದನ್ನೂ ಬಿಡಲಿಲ್ಲ. ಅಪ್ಪನ ಕೈ ಹೊಸೆಯುವುದನ್ನು ನಿಲ್ಲಿಸಿತು.

"ಅಂಗಾರೆ ನಮ್ಮೊಳೆ ಇಚಾರ ಆವತ್ತು ಅವ್ರು ಮಾತೇ ಆಡ್ನಿಲ್ವಾ?" ಎಂದು ಕೇಳಿದ.

"ಇಲ್ಲ ಅಪ್ಪ. ಅವ್ರು ಸುಳ್ಳೂ ಏಳ್ನಿಲ್ಲ. ನಾವೇ ತಪ್ಪು ತಿಳ್ಕಂಡ್ವಿ."

"ನಾವಲ್ಲ ಕಣವ್ವ. ಕೇಳ್ದೋನು ನಾನು. ಬಿತ್ತಿ ಅಂದೋನೂ ನಾನು."

ಅಪ್ಪನಿಗೆ ಸಮಾಧಾನವಾಗುತ್ತದೆ ಎಂದು ನಾನು ನಿಜವಾಗಿಯೂ ನಂಬಿದ್ದೆ. ಮೋಸ ಮಾಡಿದವರು ಯಾರೂ ಇಲ್ಲ ಎಂದು ತಿಳಿದರೆ ಮನಸ್ಸು ಹಗುರವಾಗುತ್ತದೆ ಎಂದುಕೊಂಡಿದ್ದೆ. ಮೋಸಹೋದವನು ಎಂಬ ಹೆಸರಿನಲ್ಲಿ ಅವನು ತಲೆ ಎತ್ತಿ ಬದುಕಿದ್ದಾನೆ, ಅದನ್ನು ನಾನು ಕಡ್ಡಿಯಲ್ಲಿ ಚಿತ್ರ ಬರೆದು ಕಿತ್ತುಕೊಳ್ಳುತ್ತಿದ್ದೇನೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಅವನು ಹಗ್ಗವನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಮಲಗಿದ. ಅವ್ವ ಬಂದು, ಏನು ಅಂದೆ ಅಪ್ಪನಿಗೆ ಎಂದು ನನ್ನನ್ನು ಗದರಿದಳು.

ಯುಗಾದಿಯ ದಿನ ನಮ್ಮ ಕಡೆ ಹೊನ್ನಾರು ಕಟ್ಟುತ್ತಾರೆ. ವರ್ಷದ ಮೊದಲ ಉಳುಮೆ ಅದು. ಅದಕ್ಕೆ ಮುಂಚೆ ಊರವರೆಲ್ಲ ಕೂಡಿ, ಪಂಚಾಂಗದಲ್ಲಿ ಯಾರ ಹೆಸರಿಗೆ ಬಲ ಬಂದಿದೆಯೋ ಅವನ ಕೈಗೆ ನೇಗಿಲು ಕೊಡುತ್ತಾರೆ. ಮೊದಲ ವೀಳ್ಯ ಯಜಮಾನನಿಗೆ. ಅವನು ತೆಗೆದುಕೊಳ್ಳುವವರೆಗೆ ಏನೂ ಶುರುವಾಗುವ ಹಾಗಿಲ್ಲ. ಅಂದು ಎತ್ತುಗಳ ಮೈ ತೊಳೆದು ನಿಲ್ಲಿಸಿದ್ದರು. ಹೆಂಗಸರು, ಮಕ್ಕಳು ಒಂದು ಬದಿಗೆ ನಿಂತಿದ್ದೆವು. ವೀಳ್ಯದ ತಟ್ಟೆ ಅಪ್ಪನ ಮುಂದೆ ಬಂತು. ಅಪ್ಪ ಅದನ್ನು ಮುಟ್ಟದೆ ಎದ್ದು ನಿಂತ.

"ಒಂದು ಮಾತು ಐತೆ. ಆ ಮೈಸೂರು ಮೇಷ್ಟ್ರು ಸುಳ್ಳೇಳ್ನಿಲ್ಲ. ಅವ್ರು ಯಾವ್ದೋ ಸಮುದ್ರದ ಇಚಾರ ಏಳ್ತಿದ್ರು. ನಾನು ನಮ್ಮೊಳೆ ಅಂದ್ಕಂಡು ನಿಮ್ಮ ಕೈಲಿ ಬಿತ್ತಿಸ್ದೆ. ನಿಮ್ಮ ರಾಗಿ ನಾನೇ ಮುಳುಗಿಸ್ದೆ. ಈ ವೀಳ್ಯ ಬ್ಯಾರೆ ಯಾರ್ಗಾದ್ರೂ ಕೊಡಿ" ಅಂದ.

ಈಗ ಬೈಗುಳ ಶುರುವಾಗುತ್ತದೆ ಎಂದು ನಾನು ಸೆರಗು ಬಿಗಿಹಿಡಿದು ನಿಂತೆ. ಅಪ್ಪನೂ ಅದಕ್ಕೇ ಕಾದು ನಿಂತಂತೆ ಕಾಣುತ್ತಿದ್ದ. ಆದರೆ ಯಾರ ಮುಖದಲ್ಲೂ ಸಿಟ್ಟು ಕಾಣಲಿಲ್ಲ, ಆಶ್ಚರ್ಯವೂ ಕಾಣಲಿಲ್ಲ. ಎಲ್ಲರೂ ನೆಲ ನೋಡುತ್ತಿದ್ದರು. ಕೊನೆಗೆ ದೊಡ್ಡಪ್ಪ, ಹಗೇವಿನ ತುಂಬ ರಾಗಿ ಕಳೆದುಕೊಂಡವನು, ಕೂತಲ್ಲಿಂದಲೇ ಮಾತಾಡಿದ.

"ಕೂತ್ಕೊ ಯಜಮಾನ. ಅದು ನಮ್ಗೆ ಆ ವರ್ಸವೇ ಗೊತ್ತಾಗಿತ್ತು. ಎಲ್ಲಾ ಮುಳುಗಿದ್ ಮ್ಯಾಕೆ ಇಸ್ಕೂಲ್ ಜವಾನ ಬಂದು ಏಳ್ದ. ನಿನ್ ಕಿವಿಗೆ ಬೀಳೋದು ಬ್ಯಾಡ ಅಂತ ನಾವೇ ಮಾತಾಡ್ಕಂಡ್ವಿ."

ಅಪ್ಪ ನಿಂತೇ ಇದ್ದ. ದೊಡ್ಡಪ್ಪ ನನ್ನ ಕಡೆ ತಿರುಗಿದ. ಅವನ ದನಿಯಲ್ಲಿ ಗದರಿಕೆ ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

"ನಿಂಗೂ ಗೊತ್ತೈತೆ ಅಂದ್ಕಂಡಿದ್ವಿ ಕಣವ್ವ. ಓದ್ದೋಳಲ್ವಾ. ನೀನೂ ನಮ್ಮಂಗೇ ಅಪ್ಪನಿಗೋಸ್ಕರ ಸುಮ್ಕಿದ್ದೀಯ ಅಂತ ಏಟೋ ಸಲ ಎಂಗಸ್ರು ನಿನ್ನ ಒಗಳವ್ರೆ."

ಅಷ್ಟು ವರ್ಷ ಅವರು ಬೈದದ್ದು ಮೇಷ್ಟರನ್ನಲ್ಲ. ಗಂಟಲು ಹರಿಯುವಂತೆ ಬೈದು, ಅಪ್ಪನ ಸುತ್ತ ಒಂದು ಬೇಲಿ ಕಟ್ಟುತ್ತಿದ್ದರು. ಗೆಣಸು ಅಗೆದು ತಿಂದವರು, ಮಕ್ಕಳನ್ನು ಹಸಿದ ಹೊಟ್ಟೆಯಲ್ಲಿ ಮಲಗಿಸಿದವರು, ಒಬ್ಬರೂ ಬಾಯಿಬಿಡಲಿಲ್ಲ. ಕುಡಿದಾಗಲೂ ಬಿಡಲಿಲ್ಲ, ಜಗಳದಲ್ಲೂ ಬಿಡಲಿಲ್ಲ. ಹೆಂಗಸರ ಸಾಲಿನಲ್ಲಿ ನನ್ನ ಅಕ್ಕಪಕ್ಕ ನಿಂತಿದ್ದವರು ನನ್ನಿಂದ ಸ್ವಲ್ಪ ಸರಿದರು. ನೆಲ ಬಾಯಿಬಿಟ್ಟರೆ ಒಳಗೆ ಹೋಗಿಬಿಡೋಣ ಎನ್ನಿಸಿತು. ನನ್ನ ಜೀವಮಾನದಲ್ಲಿ ಅಷ್ಟು ನಾಚಿಕೆಪಟ್ಟದ್ದು ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ.

ಅವರು ಎಷ್ಟು ಹೇಳಿದರೂ ಅಪ್ಪ ವೀಳ್ಯ ಮುಟ್ಟಲಿಲ್ಲ. ದೊಡ್ಡಪ್ಪ ಕೈಮುಗಿದು ಕೇಳಿಕೊಂಡ, ಆದರೂ ಮುಟ್ಟಲಿಲ್ಲ. ಆ ವರ್ಷ ಹೊತ್ತು ಏರಿದ ಮೇಲೆ, ಮೊದಲ ವೀಳ್ಯವನ್ನು ತಟ್ಟೆಯಲ್ಲೇ ಬಿಟ್ಟು, ಹೊನ್ನಾರು ಹೂಡಿದರು. ಅಪ್ಪ ಮನೆ ಕಡೆ ನಡೆದ. ನಾನು ಹಿಂದೆಯೇ ಹೋದೆ. ಬೀದಿಯ ತಿರುವಿನವರೆಗೂ ಅವನು ನೆಟ್ಟಗೆ ನಡೆದ. ಅಲ್ಲಿ ನಿಂತು, ತಿರುಗಿ ನೋಡದೆ ಕೇಳಿದ.

"ಎಲ್ಲಾರ್ಗೂ ಗೊತ್ತಿತ್ತಾ ಮಗ?"

"ಊ ಅಪ್ಪ."

"ಗೊತ್ತಿದ್ದೂ ಪ್ರತಿ ವರ್ಸ ಮೊದ್ಲ ವೀಳ್ಯ ನಂಗೇ ಕೊಟ್ರಾ?"

ಅಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಮುಖಕ್ಕೆ ಒತ್ತಿಕೊಂಡು ಅಲ್ಲೇ ನಿಂತ. ಹತ್ತಿರ ಹೋಗಲು ನನಗೆ ಧೈರ್ಯ ಬರಲಿಲ್ಲ.